ಪ್ಯಾಕೆಟ್ಟಿನ ಹಿಂಬದಿಯನ್ನೂ ಓದೋಣ

ಮಾನ್ಯ ಸಂಪಾದಕರೇ,

ಶಿರಸಿಯ ಅಂಗಡಿಗಳಲ್ಲಿ ಜ್ಯೂಸ್ ಬಾಟಲಿ ಕೊಳ್ಳುವವರು ಅದರ ಹಿಂಬದಿ ಓದುವುದು ಕಡಿಮೆ. ಮುಂದೆ ದೊಡ್ಡ ಹಣ್ಣಿನ ಚಿತ್ರ, ಹಿಂದೆ ಇರುವೆ ಗಾತ್ರದ ಅಕ್ಷರ! ಯಾವುದರ ತೂಕ ಜಾಸ್ತಿಯೋ ಅದನ್ನೇ ಪಟ್ಟಿಯಲ್ಲಿ ಮೊದಲು ಬರೆಯಬೇಕು ಎಂಬ ನಿಯಮವಿದೆ. ನೀರು, ಸಕ್ಕರೆ ಆದಮೇಲೆ ಹಣ್ಣಿನ ಹೆಸರು ಬಂದರೆ ನಾವು ದುಡ್ಡು ಕೊಟ್ಟಿದ್ದು ಯಾತಕ್ಕೆ ಅಂತ ಗೊತ್ತಾಗುತ್ತದೆ, ಅಲ್ವಾ? ಚಿಪ್ಸ್, ಮಿಕ್ಸ್ಚರ್‌ಗಳಲ್ಲಿ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಅಂಶ, ಎಷ್ಟಿದೆ ನೋಡಬೇಕು. ಅದು ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ, ಅಂದರೆ 5 ಗ್ರಾಂ ಉಪ್ಪಿನೊಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕಂತೆ. ಕನ್ನಡ ಮಾತ್ರ ಬಲ್ಲವರು ಏನು ಮಾಡಬೇಕು?

ಖಾಲಿ ಪ್ಯಾಕೆಟ್ಟಿನದು ಇನ್ನೊಂದು ಗೋಳು. ಪ್ಲಾಸ್ಟಿಕ್ ಮೇಲೆ ಲೋಹದ ತೆಳು ಪದರ ಇರುವುದರಿಂದ ಅದರ ಮರುಬಳಕೆ ಕಷ್ಟ, ಗುಜರಿಯವರೂ ಮುಟ್ಟುವುದಿಲ್ಲ. ಕೊನೆಗೆ ಘಟ್ಟದ ತಿರುವಿನಲ್ಲೋ ಕಾರವಾರದ ಕಡಲತೀರದಲ್ಲೋ ಬಿದ್ದಿರುತ್ತದೆ.

ಜ್ಯೂಸ್, ಚಿಪ್ಸ್ ಬದಲಿಗೆ ನಮ್ಮಲ್ಲಿ ಶರಬತ್ತಿಗೆ ಮುರುಗಲು (ಕೋಕಂ) ಸಿಪ್ಪೆ ಇದೆ, ಹಲಸಿನ ಹಪ್ಪಳ ಇದೆ. ಮಕ್ಕಳು ಸುಮ್ನೆ ಒಪ್ಪುವುದಿಲ್ಲ, ನಿಜ. ಕನಿಷ್ಠ ಬೇಳೆ, ಬೆಲ್ಲ, ಅವಲಕ್ಕಿಯನ್ನಾದರೂ ನಾವು ಒಯ್ದ ಡಬ್ಬಿಗೇ ತೂಗಿಕೊಡುವ ವ್ಯವಸ್ಥೆಯನ್ನು ಅಂಗಡಿಯವರು ಮಾಡಲಿ. ಅಂಥವರಿಗೆ ನಗರಸಭೆ ಪ್ರೋತ್ಸಾಹ ಕೊಡಲಿ.

— ಒಬ್ಬ ಓದುಗ, ಶಿರಸಿ