ಬೀಗ ಹಾಕಿದ ಮನೆಗಳು

ಮೈಸೂರು
ಭಾನುವಾರ

ಚಿ. ಮೇಘನಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಕಾಗದವನ್ನು ದೊಡ್ಡಮ್ಮ ಗಟ್ಟಿಯಾಗಿ ಓದಿ ಹೇಳಿದಳು. ಅಲ್ಲಿನ ಚಳಿ, ಹೊಸ ರೂಮು, ಪ್ರೊಫೆಸರು ವಹಿಸಿರುವ ಮೂರು ಲೆಕ್ಕದ ಕೆಲಸ: ಒಂದು ವಿಶ್ವವಿದ್ಯಾಲಯದ ಅಧ್ಯಾಪಕರ ಸಂಬಳ, ಅಂಗಡಿಗೆ ಬರುವವರ ಖರೀದಿ, ಸೈನ್ಯದ ಸರಬರಾಜು. ಎಲ್ಲ ಕೇಳಿ ಖುಷಿಯಾಯಿತು. ಕೊನೆಗೆ ಸಹಿಯ ಮೇಲೆ ಸಣ್ಣಕ್ಷರದಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ಅದನ್ನು ಓದುವಾಗ ಅವಳ ದನಿ ತಗ್ಗಿತು. "ಹುದ್ದೆಯನ್ನು ಸಮೀಕರಣಕ್ಕೆ ಸೇರಿಸಿದರೆ ಗಂಡಸರ, ಹೆಂಗಸರ ಸಂಬಳದ ಅಂತರ ಹೆಚ್ಚುಕಡಿಮೆ ಮಾಯವಾಗುತ್ತೆ. ತೆಗೆದರೆ ಮತ್ತೆ ಬರುತ್ತೆ. ಪ್ರೊಫೆಸರು ಎರಡೂ ಸರಿ ಅಂತಾರೆ. ಯಾರಿಗೋ ಆದ ಅನ್ಯಾಯವನ್ನು ನನ್ನ ಲೆಕ್ಕವೇ ಮುಚ್ಚಿಹಾಕ್ತಿದೆಯೇನೋ ಅಂತ ನಿದ್ದೆ ಬರಲ್ಲ ದೊಡ್ಡಪ್ಪ."

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ನಿನ್ನಷ್ಟು ಓದಿದವನಲ್ಲ ನಾನು. ಸರ್ವೆಯ ಫಾರಂ ಹಿಡಿದು ಮನೆ ಮನೆ ಸುತ್ತಿ, ತಿಂಗಳಿಗೆ ಜೋಳ ಎಷ್ಟು, ಸೀಮೆಎಣ್ಣೆ ಎಷ್ಟು, ಎಲೆ ಅಡಿಕೆಗೆ ಎಷ್ಟು ಎಂದು ಬರೆದುಕೊಂಡವನು. ಆದರೂ ನೀನು ಹೇಳುವ ಭಯ ನನಗೆ ಹೊಸದಲ್ಲ. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ಅದು ನನ್ನ ಜೊತೆಗಿದೆ, ಯಾರಿಗೂ ಹೇಳಿಲ್ಲ.

1987ರಲ್ಲಿ ಮಳೆ ಕೈಕೊಟ್ಟಿತ್ತು. ಮರುವರ್ಷದ ಮೊದಲಲ್ಲಿ ನನ್ನನ್ನು ಲಿಂಗಸುಗೂರಿನ ಕಡೆ ಹಾಕಿದ್ದರು. ಒಂದು ಊರಿನಲ್ಲಿ ನನ್ನ ಪಟ್ಟಿಗೆ ಬಂದ ಮನೆಗಳು ಹನ್ನೆರಡು. ಅದರಲ್ಲಿ ಮೂರಕ್ಕೆ ಬೀಗ. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯನ್ನು ಕೇಳಿದೆ. "ಗುಳೇ ಹೋಗ್ಯಾರ್ರಿ, ಯುಗಾದಿಗೆ ಬರ್ತಾರ" ಅಂದಳು. ಬೀಗ ಇದ್ದರೆ ಬದಲಿ ಮನೆ ತೆಗೆದುಕೊಳ್ಳಬಹುದು ಎಂದು ನಿಯಮವೇ ಇತ್ತು. ತೆಗೆದುಕೊಂಡೆ. ಬದಲಿಗೆ ಸಿಕ್ಕವರು ಊರಲ್ಲೇ ಉಳಿಯಲು ಶಕ್ತಿಯಿದ್ದವರು, ಹಗೇವಿನಲ್ಲಿ ಅಷ್ಟಿಷ್ಟು ಜೋಳ ಇದ್ದವರು. ಸರಾಸರಿ ಪರವಾಗಿಲ್ಲ ಎನ್ನುವಂತೆ ಬಂತು. ಕೂಡುವುದರಲ್ಲಿ, ಭಾಗಿಸುವುದರಲ್ಲಿ ಒಂದು ತಪ್ಪೂ ಇರಲಿಲ್ಲ. ಷರಾ ಕಾಲಮಿನಲ್ಲಿ "ಮನೆಗೆ ಬೀಗ" ಎಂದಷ್ಟೇ ಬರೆದೆ. "ಗುಳೆ" ಎಂದು ಬರೆಯಲು ಜಾಗವಿತ್ತು. ಕೊನೆಯ ಬಸ್ಸಿಗೆ ಹೊತ್ತಾಗಿತ್ತು.

ಆ ಊರಿನ ಹೆಸರು ಈಗ ಸರಿಯಾಗಿ ನೆನಪಿಗೆ ಬರುವುದಿಲ್ಲ. ಮೂರು ಬೀಗಗಳು ನೆನಪಿವೆ. ಒಂದಂತೂ ಬೀಗವೇ ಅಲ್ಲ, ಚಿಲಕಕ್ಕೆ ಸುತ್ತಿದ ತಂತಿ.

ಅದಕ್ಕೇ ನಿನ್ನ ಮಾತು ನನ್ನನ್ನು ಅಲ್ಲಾಡಿಸಿತು. ಹುದ್ದೆಯನ್ನು ಸೇರಿಸಿದಾಗ ನೀನು ಅಸೋಸಿಯೇಟ್ ಪ್ರೊಫೆಸರನ್ನು ಅಸೋಸಿಯೇಟ್ ಪ್ರೊಫೆಸರ ಪಕ್ಕ, ಅದರ ಮೇಲಿನ ಹುದ್ದೆಯ ಪ್ರೊಫೆಸರನ್ನು ಪ್ರೊಫೆಸರ ಪಕ್ಕ ನಿಲ್ಲಿಸಿ ನೋಡುತ್ತೀ. ಅಲ್ಲಿ ಸಂಬಳ ಸಮನಾಗಿ ಕಾಣಬಹುದು. ಆದರೆ ಅಸೋಸಿಯೇಟಾಗಿಯೇ ಹನ್ನೆರಡು ವರ್ಷ ಕೂತವರು ಯಾರು, ಐದು ವರ್ಷಕ್ಕೆ ಮೇಲೆ ಹೋದವರು ಯಾರು? ಬಡ್ತಿ ಕೊಡುವಾಗಲೇ ಪಕ್ಷಪಾತ ನಡೆದಿದ್ದರೆ, ಆ ಪಕ್ಷಪಾತದ ಫಲವನ್ನೇ ನೀನು ಸಮೀಕರಣಕ್ಕೆ ಕಾರಣವೆಂದು ತುಂಬಿದ ಹಾಗಾಯಿತು. ಅದು ನನ್ನ ಬದಲಿ ಮನೆಯಂತೆಯೇ. ನಿಯಮ ಒಪ್ಪುತ್ತದೆ, ಉತ್ತರ ಸರಿಯಾಗಿರುತ್ತದೆ, ಕೇಳಬೇಕಾದವರನ್ನು ಕೇಳಿರುವುದಿಲ್ಲ.

ದೊಡ್ಡಮ್ಮನ ಕಾಲೇಜಿನ ಕತೆ ನಿನಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಒಂದು ಮಾತು ಮಾತ್ರ. ನಮ್ಮಲ್ಲಿ ಕಾಲೇಜು ಅಧ್ಯಾಪಕರ ಯುಜಿಸಿ ಸ್ಕೇಲ್ ಎಂದರೆ ಒಂದೇ ಹುದ್ದೆಯ ಎಲ್ಲರಿಗೂ ಒಂದೇ. ಸ್ಕೇಲಿನೊಳಗೆ ಇರುವವರ ಮೂಲವೇತನವನ್ನಷ್ಟೇ ಪಟ್ಟಿಮಾಡಿದರೆ ಗಂಡು ಹೆಣ್ಣಿನ ಭೇದ ಕಾಸಿನಷ್ಟೂ ಕಾಣಲಿಕ್ಕಿಲ್ಲ. ಅವಳು ಅರೆಕಾಲಿಕವಾಗಿ ಪಾಠ ಹೇಳಿದ ಅಷ್ಟೂ ವರ್ಷ ಆ ಪಟ್ಟಿಯಲ್ಲೇ ಇರಲಿಲ್ಲ. ನಾನು ಸರ್ವೆಯವನು. ನನ್ನ ಮನೆಯಲ್ಲೇ ಇದ್ದ ಈ ಲೆಕ್ಕ ನನಗೆ ಹೊಳೆಯಲಿಲ್ಲ. ಅವಳ ಸಂಬಳ ಕಡಿಮೆ ಎಂದು ಗೊತ್ತಿತ್ತು, ಅದನ್ನು ಎಲ್ಲೂ ಬರೆದಿಡುವವರಿಲ್ಲ ಎಂದು ತಿಳಿದಿರಲಿಲ್ಲ.

ಸೈನ್ಯದ ಕೆಲಸದ ಬಗ್ಗೆ ನಿನ್ನಪ್ಪನಿಗೆ ಕಸಿವಿಸಿ ಇರುವುದು ನನಗೆ ಗೊತ್ತು, ಅದನ್ನು ಅವನೇ ಹೇಳಲಿ. ನನಗೆ ಹೇಳಬೇಕೆನಿಸಿದ್ದು ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞರ ವಿಷಯ. ನೀನು ಪಾಠದಲ್ಲಿ ಓದಿರುತ್ತೀ. ಎರಡನೇ ಮಹಾಯುದ್ಧದ ಕಾಲದಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೂತು, ಗುಂಡಿನೇಟು ತಿಂದೂ ಮರಳಿ ಬಂದ ವಿಮಾನಗಳ ಲೆಕ್ಕದಿಂದ ಮರಳದೆ ಹೋದ ವಿಮಾನಗಳಿಗೆ ಏಟು ಎಲ್ಲಿ ಬಿದ್ದಿರಬೇಕು ಎಂದು ತರ್ಕಿಸಿದವರು. ಕಣ್ಣಮುಂದಿರುವ ತೂತು ನೋಡಿ ಅಲ್ಲೇ ತಗಡು ಹೊಡೆದರೆ ಪ್ರಯೋಜನವಿಲ್ಲ. ಆ ಏಟು ತಡೆದುಕೊಂಡೇ ಆ ವಿಮಾನ ಬಂದಿದೆಯಲ್ಲ. ಅವರು ಭಾರತಕ್ಕೆ ಉಪನ್ಯಾಸ ಕೊಡಲು ಬಂದಿದ್ದಾಗ, 1950ರ ಡಿಸೆಂಬರಿನಲ್ಲಿ, ನೀಲಗಿರಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದರು, ಹೆಂಡತಿಯೂ ಜೊತೆಗಿದ್ದರು. ನೀನು ಚಿಕ್ಕವಳಿದ್ದಾಗ ನಾವೆಲ್ಲ ಊಟಿಗೆ ಹೋಗಿದ್ದೆವು. ಮಂಜು ಕವಿದ ಆ ಬೆಟ್ಟಗಳನ್ನು ನೋಡಿಕೊಂಡು ಕ್ಯಾರೆಟ್ ತಿಂದೆವು. ಆಗ ನನಗೆ ಇದು ತಿಳಿದಿರಲಿಲ್ಲ. ತಿಳಿದಿದ್ದರೆ ಅಲ್ಲೇ ನಿಂತು ನಿನಗೆ ಹೇಳುತ್ತಿದ್ದೆ.

ನಿನ್ನ ಸಂಬಳದ ಪಟ್ಟಿಯಲ್ಲಿರುವವರೂ ಮರಳಿ ಬಂದ ವಿಮಾನಗಳೇ. ಬಡ್ತಿ ಸಿಗದೆ ಬಿಟ್ಟುಹೋದವರು ಈ ವರ್ಷದ ಪಟ್ಟಿಯಲ್ಲಿ ಇರಲಾರರು.

ಖರೀದಿಯ ಲೆಕ್ಕದ ವಿಷಯಕ್ಕೂ ಇದೇ ಮಾತು. 1945ರಲ್ಲಿ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞರು 77 ಬಗೆಯ ಆಹಾರ ಮುಂದಿಟ್ಟುಕೊಂಡು, ಒಬ್ಬ ಮನುಷ್ಯನ ಪೋಷಣೆಗೆ ಅತಿ ಅಗ್ಗದ ಊಟ ಯಾವುದೆಂದು ಹುಡುಕಿದರು. ವರ್ಷಕ್ಕೆ 39.93 ಡಾಲರು ಬಂತು. 1947ರಲ್ಲಿ, ಅಮೆರಿಕದ ವಾಯುಪಡೆಯ ಯೋಜನೆಗಳಿಗಾಗಿ ಡಾಂಟ್ಸಿಗ್ ಎಂಬ ಗಣಿತಜ್ಞರು ಕಂಡುಹಿಡಿದ ಹೊಸ ಲೆಕ್ಕದ ವಿಧಾನವನ್ನು ಇದೇ ಊಟದ ಮೇಲೆ ಪರೀಕ್ಷಿಸಿದರು. ಒಂಬತ್ತು ಗುಮಾಸ್ತರು ಮೇಜಿನ ಯಂತ್ರ ತಿರುವಿ, ಒಬ್ಬನೇ ಮಾಡಿದ್ದರೆ 120 ದಿನ ಹಿಡಿಯುವಷ್ಟು ದುಡಿದು, 39.69 ಡಾಲರು ಎಂದರು. ಆ ಒಂಬತ್ತು ಜನರ ಮೇಲೆ ನನಗೆ ಬಂಧುಗಳ ಹಾಗೆ ಅಕ್ಕರೆ. ಆದರೆ ಗೋಧಿಹಿಟ್ಟು, ಕೋಸು ಎಂದೇ ವರ್ಷವಿಡೀ ಯಾರು ತಿನ್ನುತ್ತಾರೆ? ನಾಲಿಗೆಗೆ ಒಂದು ಕಾಲಂ ಇರಲಿಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ತೋಚಿದ್ದನ್ನು ಬರೆಯುತ್ತೇನೆ, ಬೇಡವೆನಿಸಿದರೆ ಬಿಡು. ಸಂಬಳದ ಲೆಕ್ಕದಲ್ಲಿ ಹುದ್ದೆ ಸೇರಿಸಿದ, ಸೇರಿಸದ ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ತೋರಿಸು, ಒಂದನ್ನು ಬಚ್ಚಿಡಬೇಡ. ಎರಡೂ ಸರಿ ಎನ್ನುವ ನಿನ್ನ ಪ್ರೊಫೆಸರು ತಪ್ಪು ಹೇಳುತ್ತಿಲ್ಲ, ಪ್ರಶ್ನೆಗಳು ಎರಡು. ಬಡ್ತಿಗೆ ಎಷ್ಟು ವರ್ಷ ಹಿಡಿಯಿತು ಎಂಬುದನ್ನೇ ಬೇರೆ ಲೆಕ್ಕವಾಗಿ ಮಾಡಲಿಕ್ಕೆ ಆಗುತ್ತದೇನೋ ಕೇಳಿ ನೋಡು. ಹಾಗೆಂದು ಅನ್ಯಾಯ ಇದ್ದೇ ಇದೆ ಎಂದು ಮೊದಲೇ ತೀರ್ಮಾನಿಸಿಕೊಂಡು ಕೂರಬೇಡ, ಅದೂ ಬೀಗ ಹಾಕಿದ ಹಾಗೆಯೇ. ರಾತ್ರಿ ಅನ್ನ ಮಾಡಿಕೋ, ಬರೀ ಬ್ರೆಡ್ಡು ಸಾಲದು.

ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಹಾಪ್‌ಕಿನ್ಸ್ ಎಂಬ ಜೀವವಿಜ್ಞಾನಿ ಟೇಪು ಹಿಡಿದು ಪ್ರಯೋಗಾಲಯಗಳ ನೆಲ ಅಳೆದರು. ತನಗೆ ಜಾಗ ಕಡಿಮೆ ಎಂದರೆ ಯಾರೂ ನಂಬುತ್ತಿರಲಿಲ್ಲ, ಅದಕ್ಕೆ. 1994ರಲ್ಲಿ ಅಲ್ಲಿನ ವಿಜ್ಞಾನ ವಿಭಾಗಗಳಲ್ಲಿ ಕಾಯಂ ಆದ ಅಧ್ಯಾಪಕರಲ್ಲಿ ಗಂಡಸರು 194, ಹೆಂಗಸರು 15. 1999ರಲ್ಲಿ ವರದಿ ಹೊರಬಿದ್ದಾಗ ಸಂಸ್ಥೆ ತಾರತಮ್ಯ ಒಪ್ಪಿಕೊಂಡಿತು. ಅದೂ ಅಳತೆಯೇ ಮೇಘನಾ. ಅಳತೆ ಮುಚ್ಚಿಹಾಕುತ್ತದೆಂದು ಹೆದರಿ ಟೇಪು ಕೆಳಗಿಡಬೇಡ. ನಾನು ಆ ಊರಿನಿಂದ ಬಂದಮೇಲೆ ಹಾಗೆ ಮಾಡಿದೆ. ಆಫೀಸಿನ ಕೆಲಸ ಕೇಳಿ ತೆಗೆದುಕೊಂಡೆ, ಮತ್ತೆ ಆ ಕಡೆ ಫಾರಂ ಹಿಡಿದು ಹೋಗಲಿಲ್ಲ.

ದೊಡ್ಡಮ್ಮ ಈಗ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಾಳೆ. ಕಳೆದ ಹತ್ತು ವರ್ಷದಲ್ಲಿ ಆ ವಿಶ್ವವಿದ್ಯಾಲಯ ಬಿಟ್ಟುಹೋದವರ ಪಟ್ಟಿ ಸಿಗುತ್ತದೆಯೇ, ಕೇಳು ಎನ್ನುತ್ತಾಳೆ. ಕೊಟ್ಟರೆ ಅದರಲ್ಲಿ ಹೆಂಗಸರು ಎಷ್ಟು ಜನ, ಯಾವ ಹುದ್ದೆಯಲ್ಲಿದ್ದಾಗ ಬಿಟ್ಟರು, ಅಷ್ಟು ಬರೆ. ಕೊಡದಿದ್ದರೆ ಷರಾದಲ್ಲಿ ಅದನ್ನೇ ಬರೆ.

ಇತಿ,
ನಿನ್ನ ದೊಡ್ಡಪ್ಪ