ಡೀನ್ ಆಗೋ ಮುಂಚೆ

ತುಮಕೂರು

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನನ್ನು ಮೆಡಿಕಲ್ ಕಾಲೇಜಿಗೆ ಡೀನ್ ಮಾಡುತ್ತಾರಂತೆ, ನೀನು ‘ಆಪರೇಷನ್ ಬಿಟ್ಟು ಫೈಲು ನೋಡೋದಾ’ ಅಂತ ಮೀನಮೇಷ ಎಣಿಸುತ್ತಿದ್ದೀಯಂತೆ. ನಿಮ್ಮಮ್ಮ ಫೋನ್ ಮಾಡಿದ್ದಳು. ಒಪ್ಪಿಕೋ ಅಂತ ಹೇಳೋಕೇ ಈ ಕಾಗದ.

ಅಮೆರಿಕದ ಡೆಟ್ರಾಯಿಟ್‌ನಲ್ಲಿ ವೇಯ್ನ್ ಸ್ಟೇಟ್ ಅಂತ ವಿಶ್ವವಿದ್ಯಾಲಯ ಇದೆ. 2013ರಿಂದ 2023ರ ತನಕ ಅದರ ಅಧ್ಯಕ್ಷರಾಗಿದ್ದ ಎಂ. ರಾಯ್ ವಿಲ್ಸನ್ ನಿನ್ನ ಹಾಗೇ ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆಯ ಡಾಕ್ಟರು. ಹುಟ್ಟಿದ್ದು ಜಪಾನಿನ ಯೊಕೊಹಾಮದಲ್ಲಿ, ಓದಿದ್ದು ಹಾರ್ವರ್ಡ್‌ನಲ್ಲಿ. ಆಫ್ರಿಕಾ ಮೂಲದವರಲ್ಲಿ ಈ ಕಾಯಿಲೆ ಎಷ್ಟು ಹೆಚ್ಚು ಅಂತ ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪದಲ್ಲಿ ಪತ್ತೆಮಾಡಿದ ತಂಡದಲ್ಲಿ ಅವರೂ ಇದ್ದರು.

ಗ್ಲಾಕೋಮಾ ಅಂದರೇನು ಅಂತ ನನಗೆ ತಿಳಿಸಿದವಳು ನೀನೇ. ಮೆಷಿನ್ ಮುಂದೆ ಗಲ್ಲ ಊರಿಸಿ, ‘ಚುಕ್ಕಿ ಬೆಳಕು ಕಂಡಾಗ ಬಟನ್ ಒತ್ತು ದೊಡ್ಡಪ್ಪ’ ಅಂದೆ. ಎಲ್ಲಾ ಒತ್ತಿದೆ ಅಂತಲೇ ಎದ್ದೆ. ಮೆಷಿನ್ನಿನ ಕಾಗದ ಬಂದಾಗ ಒಂದು ಮೂಲೆ ಕಪ್ಪು. ನೋವಿಲ್ಲ, ಕೆಂಪಿಲ್ಲ, ನೋಟ ಅಂಚಿನಿಂದಲೇ ಕಳವು. ಕಾಲೇಜಿನಿಂದ ಹುಡುಗರು ಓದು ಬಿಟ್ಟು ಹೋಗೋದೂ ಹೀಗೇ. ನಾನು ಕಾಲೇಜು ಆಫೀಸಿನಲ್ಲಿದ್ದಾಗ ಪರೀಕ್ಷೆ ಮುಗಿದ ಮೇಲೂ ಬೀರುವಿನಲ್ಲಿ ಹಾಲ್ ಟಿಕೆಟ್ಟಿನ ಒಂದು ಕಟ್ಟು ಉಳಿಯೋದು, ರಬ್ಬರ್ ಬ್ಯಾಂಡ್ ಸುತ್ತಿ. ಫೋಟೋಗಳಲ್ಲಿ ಎಣ್ಣೆ ಹಚ್ಚಿ ಬಾಚಿದ ತಲೆಗಳು. ಪಾವಗಡದವು, ಶಿರಾದವು, ಮಧುಗಿರಿಯವು. ಫೀಸು ಬಾಕಿ, ಇಲ್ಲವೇ ಮದುವೆ ಗೊತ್ತಾಯಿತು, ಇಲ್ಲವೇ ಬಸ್ ಚಾರ್ಜಿಗೂ ಕಾಸಿಲ್ಲ. ಯಾರೂ ಜಗಳ ಆಡಿ ಹೋದವರಲ್ಲ. ಟಿಸಿ ಕೇಳೋಕೂ ಬರುತ್ತಿರಲಿಲ್ಲ.

ವೇಯ್ನ್ ಸ್ಟೇಟಿನಲ್ಲಿ ನೂರು ಜನ ಸೇರಿದರೆ ಆರು ವರ್ಷದೊಳಗೆ ಡಿಗ್ರಿ ಮುಗಿಸುತ್ತಿದ್ದವರು 2011ರಲ್ಲಿ 26 ಜನ. 2017ಕ್ಕೆ 47 ಆಯಿತು. ಕೆಲಸ ವಿಲ್ಸನ್ ಬರೋ ಮುಂಚೆಯೇ ಶುರುವಾಗಿತ್ತು, ಪೂರಾ ಅವರೊಬ್ಬರ ಕೈಗುಣ ಅನ್ನಲಾರೆ. ಆದರೆ ಶುರುವಾದದ್ದನ್ನು ಕೈಬಿಡಲಿಲ್ಲವಲ್ಲ, ಕುರ್ಚಿಗೆ ಹೊಸಬರು ಬಂದಾಗ ಅದೇ ಅಪರೂಪ. 2018ರಲ್ಲಿ ಇನ್ನೊಂದು ಮಾಡಿದರು: 1,500 ಡಾಲರ್ ತನಕ ಬಾಕಿ ಇಟ್ಟು ಓದು ಬಿಟ್ಟವರು ವಾಪಸ್ ಬಂದು ಪಾಸಾಗುತ್ತಾ ಹೋದರೆ ಆ ಬಾಕಿ ಹಂತಹಂತವಾಗಿ ಮನ್ನಾ. ನನ್ನ ಬೀರುವಿನ ಕಟ್ಟಿಗೆ ಇಂಥದ್ದೊಂದು ಸಾಕಿತ್ತು.

ನೀನು ಡೀನ್ ಕುರ್ಚಿಯಲ್ಲಿ ಕೂತ ವಾರವೇ ಹೊಸ ಕಟ್ಟಡದ ಪ್ಲಾನ್ ಹಿಡಿದು ಬರುತ್ತಾರೆ. ಅದಕ್ಕೂ ಮುಂಚೆ, ಓದು ಅರ್ಧಕ್ಕೇ ಬಿಟ್ಟವರ ಪಟ್ಟಿ ತರಿಸಿಕೋ. ‘ಅಂಥವರು ಯಾರೂ ಇಲ್ಲ ಮೇಡಂ’ ಅಂತಾರೆ. ಸೂಪರಿಂಟೆಂಡೆಂಟರನ್ನು ಕೇಳಬೇಡ, ಫೀಸು ಕಟ್ಟಿಸಿಕೊಳ್ಳೋ ಗುಮಾಸ್ತನನ್ನು ಕೇಳು. ಎಂಬಿಬಿಎಸ್‌ನವರು ಬಿಡೋದು ಕಮ್ಮಿ. ನರ್ಸಿಂಗ್, ಆಪ್ಟೊಮೆಟ್ರಿ (ಕಣ್ಣು ಪರೀಕ್ಷೆ ಮಾಡೋ ಕೋರ್ಸು) ಹುಡುಗಿಯರ ಕಡೆ ನೋಡು.

ಎಂ. ಸಿ. ಮೋದಿ ಡಾಕ್ಟರು ಊರೂರಿಗೆ ಹೋಗಿ ಕಣ್ಣಿನ ಪೊರೆ ತೆಗೆದರು, ನನಗೂ ಅದೇ ಸಾಕು ಅಂತೀಯೇನೋ. ಅವರ ದಾರಿ ದೊಡ್ಡದೇ. ಆದರೆ ಕೋಲಾರದ ಹಳ್ಳಿಗಳಿಗೆ ನೀನೊಬ್ಬಳೇ ಎಷ್ಟು ಓಡಾಡುತ್ತೀ? ಓಡಾಡುವವರನ್ನು ತಯಾರು ಮಾಡು. ವಾರಕ್ಕೊಂದು ದಿನ ಮಾತ್ರ ಓಪಿಡಿ ಇಟ್ಟುಕೋ. ಆ ದಿನ ಯಾವುದು ಅಂತ ಆರ್ಡರಿನಲ್ಲೇ ಬರೆಸಿಕೋ, ಬಾಯಿಮಾತನ್ನು ನಂಬಬೇಡ.

ಇಂತಿ,
ದೊಡ್ಡಪ್ಪ