ಮಂದದೃಷ್ಟಿಯ ನೌಕರರಿಗೆ ಎಂಥ ಮಾನಿಟರ್?

ಮಾನ್ಯರೇ,

ಮಂದದೃಷ್ಟಿಯುಳ್ಳ ನೌಕರರಿಗೆ ತಕ್ಕ ಅನುಕೂಲ ಕಲ್ಪಿಸುವುದು ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 20ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಕಚೇರಿಯ ಹೊಣೆ. ದೊಡ್ಡದೊಂದು ಪರದೆ ತರಿಸಿ ಕೈತೊಳೆದುಕೊಂಡರೆ ಆ ಹೊಣೆ ತೀರದು.

ಅಕ್ಷರ ದೊಡ್ಡದಾಗಲೆಂದು ರೆಸಲ್ಯೂಷನ್ (ಪರದೆಯ ಚಿತ್ರಬಿಂದುಗಳ ಸಂಖ್ಯೆ) ತಗ್ಗಿಸುವುದು ಎಲ್ಲೆಡೆ ಕಾಣುವ ತಪ್ಪು. ಅಕ್ಷರವೇನೋ ಹಿಗ್ಗುತ್ತದೆ, ಆದರೆ ಅಂಚು ಮಸುಕಾಗಿ ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ. 32 ಇಂಚಿನ 4ಕೆ ಪರದೆಯಾದರೆ ರೆಸಲ್ಯೂಷನ್ 3840×2160ರಲ್ಲೇ ಇರಲಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಕ್ಷರ, ಚಿಹ್ನೆಗಳನ್ನು ಹಿಗ್ಗಿಸುವ ಸ್ಕೇಲ್ ಅನ್ನು 200% ಅಥವಾ 250%ಕ್ಕೆ ಏರಿಸಿ.

ಪರದೆಗಿಂತ ಮುಖ್ಯವಾದದ್ದು ಅದನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಬರುವ ಮಾನಿಟರ್ ಆರ್ಮ್. ಅಂತರ 60 ಸೆಂ.ಮೀ.ನಿಂದ 30ಕ್ಕೆ ಇಳಿದರೆ ಅಕ್ಷರ ಕಣ್ಣಿಗೆ ಇಮ್ಮಡಿಯಾಗಿ ಕಾಣುತ್ತದೆ. ಆರ್ಮ್ ಇಲ್ಲದಿದ್ದರೆ ನೌಕರರೇ ದಿನವಿಡೀ ಮುಂದಕ್ಕೆ ಬಾಗಿ ಕುತ್ತಿಗೆ, ಬೆನ್ನು ಕೆಡಿಸಿಕೊಳ್ಳುತ್ತಾರೆ. ಕೊಳ್ಳುವ ಮೊದಲು ಮಾನಿಟರ್ ಬೆನ್ನಿನಲ್ಲಿ 100×100 ಮಿ.ಮೀ. ಅಳತೆಯ ಸ್ಕ್ರೂ ರಂಧ್ರಗಳಿವೆಯೇ, ಸ್ಟ್ಯಾಂಡ್ ಬಿಟ್ಟು ಅದರ ತೂಕವನ್ನು ಆರ್ಮ್ ತಾಳುತ್ತದೆಯೇ ನೋಡಿ. ಕಚೇರಿಗಳ ಪಾರ್ಟಿಕಲ್ ಬೋರ್ಡ್ ಮೇಜು, ಆರ್ಮ್ ಅನ್ನು ಅದರ ಅಂಚಿಗೆ ಬಿಗಿಯುವ ಕ್ಲ್ಯಾಂಪ್‌ನ ಒತ್ತಡಕ್ಕೆ ಕುಸಿಯಬಹುದು. ಕ್ಲ್ಯಾಂಪ್ ಕೂರುವಲ್ಲಿ ಮೇಲೂ ಕೆಳಗೂ ಉಕ್ಕಿನ ತಗಡು ಕೊಡಿ.

ಇಷ್ಟು ಹತ್ತಿರದಿಂದ ನೋಡುವವರಿಗೆ ಓರೆಯಿಂದ ನೋಡಿದರೂ ಚಿತ್ರ ಅಷ್ಟಾಗಿ ಕೆಡದ ಐಪಿಎಸ್ ಬಗೆಯ ಪ್ಯಾನೆಲ್ಲೇ (ಪರದೆಯ ಫಲಕ) ಬೇಕು. ವಿಎ ಎಂಬ ಇನ್ನೊಂದು ಬಗೆಯ ಪ್ಯಾನೆಲ್‌ನ ಅಂಚುಗಳು ಓರೆನೋಟಕ್ಕೆ ಬಿಳಿಚಿಕೊಳ್ಳುತ್ತವೆ. ಪರದೆ ಮ್ಯಾಟ್ (ಹೊಳಪಿಲ್ಲದ್ದು) ಆಗಿರಲಿ, ಕಿಟಕಿ ಅದರ ಎದುರಿಗಾಗಲಿ ಹಿಂದಾಗಲಿ ಬೇಡ. ಕಂಪ್ಯೂಟರನ್ನು ಮಾನಿಟರ್‌ಗೆ ಜೋಡಿಸುವ ಎಚ್‌ಡಿಎಂಐ ಪೋರ್ಟ್ 1.4ನೇ ಆವೃತ್ತಿಯದಾಗಿದ್ದರೆ 4ಕೆ ಚಿತ್ರ 30 ಹರ್ಟ್ಸ್‌ಗೆ (ಸೆಕೆಂಡಿಗೆ 30 ಬಾರಿ) ಸೀಮಿತವಾಗಿ ಮೌಸ್ ಬಾಣ ತಡವರಿಸುತ್ತದೆ. ಮಂದದೃಷ್ಟಿಯವರು ಮೊದಲೇ ಅದನ್ನು ಹುಡುಕುತ್ತಿರುತ್ತಾರೆ. ಆದ್ದರಿಂದ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಎಂದು ಖರೀದಿ ಪತ್ರದಲ್ಲೇ ನಮೂದಿಸಬೇಕು. ಆರ್ಡರ್ ಕೊಡುವ ಮೊದಲು ಬಳಸುವವರನ್ನೇ ಪರದೆಯ ಮುಂದೆ ಕೂರಿಸಿ, ಅವರದೇ ಕಡತ ಓದಿಸಿ ನೋಡಿ.